ಮಳೆ ಬಂದ ಮರುದಿನ ಮನೆ ತೊಳೆಯುತ್ತಿದ್ದ ಲಲಿತಮ್ಮ

ಜೋರು ಮಳೆ ನಿಂತ ಮೇಲೆ ನಮ್ಮತ್ತೆ ಲಲಿತಮ್ಮನವರನ್ನು ನೋಡಬೇಕಿತ್ತು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ತೆಂಗಿನಕಡ್ಡಿ ಪೊರಕೆ ಹಿಡಿದು, ಹಜಾರದ ಕೆಂಪು ನೀರನ್ನು ಗೇಟಿನಾಚೆ ತಳ್ಳುತ್ತಾ, ದಾರಿಯಲ್ಲಿ ಹೋಗುವವರಿಗೆಲ್ಲ ನಗುನಗುತ್ತಾ ಹೇಳುತ್ತಿದ್ದರು: “ಮನೆ ತೊಳೀತಿದೀವಿ ಕಣ್ರೀ, ಹಬ್ಬ ಹತ್ರ ಬಂತಲ್ಲ!” ಯಾವ ಹಬ್ಬ ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳುವುದಾದರೂ ಹೇಗೆ? ಎದುರುಮನೆಯವರ ಕೈಯಲ್ಲೂ ಪೊರಕೆ, ಪಕ್ಕದ ಮನೆಯವರ ಕೈಯಲ್ಲೂ ಪೊರಕೆ. ಗವಿಪುರದ ನಮ್ಮ ಬೀದಿಯಲ್ಲಿ ತಗ್ಗಿನ ಕಡೆಯ ಮನೆಯವರೆಲ್ಲ ಒಂದೇ ದಿನ ಮನೆ ತೊಳೆಯುತ್ತಿದ್ದರು. ನೀರು ನುಗ್ಗಿತು ಎಂಬ ಮಾತು ಮಾತ್ರ ಯಾರ ಬಾಯಿಂದಲೂ ಬರುತ್ತಿರಲಿಲ್ಲ.

ಮದುವೆಯಾದ ಹೊಸತರಲ್ಲಿ ಅತ್ತೆಗೆ ಮಡಿಯ ಹುಚ್ಚು ಅಂದುಕೊಂಡಿದ್ದೆ. ಮೊದಲ ಮಳೆಗಾಲದಲ್ಲಿ ನನ್ನ ಚಪ್ಪಲಿ ಬಾಗಿಲಿನಿಂದ ಅಡುಗೆಮನೆಗೆ ತೇಲಿ ಬಂದಾಗ ವಿಷಯ ಗೊತ್ತಾಯಿತು. “ಅತ್ತೇ, ಮನೆಯೊಳಗೆ ನೀರು!” ಎಂದು ಕೂಗಿಕೊಂಡೆ.

“ಶ್! ಮೆಲ್ಲಗೆ ಮಾತಾಡೇ ಶೈಲಾ, ಬೀದಿಗೆ ಕೇಳ್ಸುತ್ತೆ.”

ಅದಕ್ಕೊಂದು ಕಾರಣವಿತ್ತು. ಈ ಜಾಗ ಕೊಂಡವರು ನಮ್ಮ ಮಾವ. ಹಿಂದೆಯೇ ರಾಜಕಾಲುವೆ ಹರಿಯುತ್ತದೆ, ಹಳ್ಳದಲ್ಲಿ ಮನೆ ಕಟ್ಟಬೇಡ ಎಂದು ಅವರ ಅಣ್ಣ ಬಡಕೊಂಡರಂತೆ. ಮಾವ ಕೇಳಲಿಲ್ಲ. ಆಗ ಬೀದಿಯಿಂದ ಮೆಟ್ಟಿಲು ಹತ್ತಿ ಮನೆಯೊಳಗೆ ಹೋಗಬೇಕಿತ್ತಂತೆ. ಡಾಂಬರಿನ ಮೇಲೆ ಡಾಂಬರು ಹಾಕಿ ಹಾಕಿ ರಸ್ತೆ ಎತ್ತರವಾಯಿತು, ಈಗ ನಾವು ಮನೆಯೊಳಕ್ಕೆ ಇಳಿಯಬೇಕು. ಮೇಲಿನ ಬೀದಿಗಳ ನೀರೆಲ್ಲ ನಮ್ಮ ಕಡೆಗೇ ಬರುತ್ತದೆ, ಕಾಲುವೆ ತುಂಬಿದರೆ ಹಿಂದಿನಿಂದಲೂ ಬರುತ್ತದೆ. ಇದೆಲ್ಲ ಅತ್ತೆಗೆ ಚೆನ್ನಾಗಿ ಗೊತ್ತಿತ್ತು. ಆದರೆ ಮಾವ ತೀರಿಕೊಂಡ ಮೇಲೆ, ‘ನಮ್ಮನೆಗೆ ನೀರು ಬರುತ್ತೆ’ ಎನ್ನುವುದೂ ‘ನನ್ನ ಗಂಡ ದಡ್ಡ’ ಎನ್ನುವುದೂ ಅವರಿಗೆ ಒಂದೇ ಆಗಿಬಿಟ್ಟಿತ್ತು.

“ನೀರು ನುಗ್ಗೋ ಮನೆ ಅಂತ ಹೆಸರು ಬಂದ್ರೆ ಮುಗೀತು ಕಣೇ. ಬಾಡಿಗೆಗೆ ಬರೋರಿಲ್ಲ, ಕೊಳ್ಳೋರಿಲ್ಲ, ಹೆಣ್ಣು ಕೊಡೋರೂ ಇಲ್ಲ.”

“ನಾನು ಬಂದಿದೀನಲ್ಲ ಅತ್ತೆ?”

“ನಿಮ್ಮಪ್ಪ ಮನೆ ನೋಡಕ್ಕೆ ಬಂದಿದ್ದು ಬೇಸಿಗೇಲಿ!” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಅವರ ಜೊತೆ ನಗದೆ ಇರುವುದು ಕಷ್ಟವಿತ್ತು. ಧಾರಾಳ ಕೈಯ ಹೆಂಗಸು. ಹುಳಿ ಕುದಿಸಿದರೆ ಬೀದಿಗೆಲ್ಲ ಆಗುವಷ್ಟು. ಸೊಪ್ಪಿನವನ ಜೊತೆ ಕಟ್ಟು ಚಿಕ್ಕದಾಯಿತೆಂದು ಜಗಳವಾಡಿ, ಆಮೇಲೆ ಅವನನ್ನೇ ಕೂರಿಸಿ ಕಾಫಿ ಕೊಡುತ್ತಿದ್ದರು. ಒಳ್ಳೆಯವರು. ಇದನ್ನು ನಾನು ಮೊದಲೇ ಹೇಳಿಬಿಡಬೇಕು, ಮುಂದೆ ಹೇಳುವುದನ್ನು ಕೇಳಿದವರು ಮರೆತುಬಿಡಬಾರದು.

ಒಂದು ವರ್ಷ ನಮ್ಮ ಯಜಮಾನರು ಮನೆಗೆ ಇನ್ಶೂರೆನ್ಸ್ ಮಾಡಿಸುತ್ತೇನೆಂದು ಹಟ ಹಿಡಿದರು. ಬೆಂಕಿ, ಭೂಕಂಪದ ಜೊತೆ ಪ್ರವಾಹವೂ ಸೇರಿತ್ತು. “ಮನೆಗೆ ಇನ್ಶೂರೆನ್ಸಾ? ಯಾವಾಗ ಬೀಳುತ್ತೋ ಅಂತ ಕಾಯ್ಕೊಂಡು ಕೂತಿರ್ಬೇಕಾ?” ಎಂದು ಅತ್ತೆ ಗೊಣಗಿದರು. ಮನೆ ಅವರ ಹೆಸರಿನಲ್ಲಿತ್ತು, ಹಾಗಾಗಿ ಏಜೆಂಟು ಅವರನ್ನೇ ಕೇಳಿದ.

“ಮುಂಚೆ ಯಾವಾಗಾದ್ರೂ ಮನೆಯೊಳಗೆ ನೀರು ಬಂದಿತ್ತಾಮ್ಮ?”

“ನಮ್ಮನೇಗಾ? ಶಿವ ಶಿವಾ!”

ಯಜಮಾನರು ಪೇಪರಿನೊಳಗೆ ಮುಖ ಹುದುಗಿಸಿದರು. ನಾನು ಕಾಫಿ ತರುವ ನೆಪದಲ್ಲಿ ಒಳಗೆ ಎದ್ದು ಹೋದೆ. ಅತ್ತೆ ಬಾಯಿ ಬಿಟ್ಟು ಸುಳ್ಳು ಹೇಳಿದರು, ನಾವು ಬಾಯಿ ಮುಚ್ಚಿಕೊಂಡು ಹೇಳಿದೆವು.

ನಮ್ಮ ಹಿತ್ತಲಲ್ಲಿ, ಕಾಲುವೆಯ ಪಕ್ಕಕ್ಕೆ, ಇನ್ನೂ ತಗ್ಗಿನಲ್ಲಿ ಒಂದು ಚಿಕ್ಕ ಮನೆ ಇತ್ತು. ಸಂಕ್ರಾಂತಿ ಕಳೆದ ಮೇಲೆ ಅಲ್ಲಿಗೆ ಮಂಜುಳಾ ಬಾಡಿಗೆಗೆ ಬಂದಳು. ಗಂಡ ಮಾರ್ಕೆಟ್ಟಿನಲ್ಲಿ ಹೂವಿನ ವ್ಯಾಪಾರ ಮಾಡುತ್ತಿದ್ದ. ಕೈಯಲ್ಲಿ ಇನ್ನೂ ತೆವಳಲು ಬಾರದ ಹೆಣ್ಣುಮಗು. ಅತ್ತೆಗೆ ಆ ಮಗು ಅಂದರೆ ಪ್ರಾಣ. ದಿನಾ ಎಣ್ಣೆ ಹಚ್ಚಿ ನೀರು ಹಾಕುವವರು ಅವರೇ. “ಮಳೆಗಾಲದ ವಿಷಯ ಅವರಿಗೆ ಒಂದ್ಮಾತು ಹೇಳಬೇಕಲ್ವಾ ಅತ್ತೆ?” ಎಂದು ಒಮ್ಮೆ ಕೇಳಿದೆ. “ಪಾಪ, ಚಿಕ್ಕ ಹುಡುಗಿ, ಯಾಕೆ ಹೆದರ್ಸೋದು?” ಎಂದರು. ನಾನೂ ಅಲ್ಲಿಗೇ ಬಿಟ್ಟೆ.

ಆ ವರ್ಷದ ಮಳೆ ಒಂದು ಭಾನುವಾರ ಮಧ್ಯಾಹ್ನ ಬಂತು. ಮನೆಯಲ್ಲಿ ಗಂಡಸರು ಯಾರೂ ಇರಲಿಲ್ಲ. ಹಜಾರಕ್ಕೆ ನೀರು ಬರತೊಡಗಿ ನಾವು ಅಕ್ಕಿ ಡಬ್ಬ ಎತ್ತಿಡುತ್ತಿದ್ದಾಗ ಹಿತ್ತಲಿನಿಂದ ಮಂಜುಳಾ ಕಿರುಚಿದ್ದು ಕೇಳಿಸಿತು. ಕಾಲುವೆ ಉಕ್ಕಿತ್ತು. ನಾನು ಇನ್ನೂ “ಅಯ್ಯೋ” ಎನ್ನುವಷ್ಟರಲ್ಲಿ ಅತ್ತೆ ಹಿತ್ತಲಲ್ಲಿ ಸೊಂಟದವರೆಗಿನ ನೀರಿನಲ್ಲಿದ್ದರು. ನೀರಿನ ಒತ್ತಡಕ್ಕೆ ಬಾಗಿಲು ತೆರೆಯುತ್ತಿರಲಿಲ್ಲ. ಇಬ್ಬರೂ ಭುಜ ಕೊಟ್ಟು ತಳ್ಳಿದೆವು. ಒಳಗೆ ಮಂಜುಳಾ ಅಡುಗೆಕಟ್ಟೆಯ ಮೇಲೆ ನಿಂತು ಮಗುವನ್ನು ತಲೆಗಿಂತ ಮೇಲೆ ಎತ್ತಿ ಹಿಡಿದಿದ್ದಳು. ಕಟ್ಟೆಯ ಮೇಲೂ ನೀರು ಹತ್ತಿತ್ತು. ಅತ್ತೆ ಮಗುವನ್ನು ಇಸಿದುಕೊಂಡರು, ನಾನು ಅವಳ ಕೈ ಹಿಡಿದೆ. ನಮ್ಮ ತಾರಸಿಯ ಮೆಟ್ಟಿಲ ಮೇಲೆ ಬಂದು ಕೂತೆವು.

“ಅಮ್ಮಾ, ಮುಂಚೆನೂ ಹಿಂಗೆ ಬರ್ತಿತ್ತಾ?” ಎಂದಳು ಮಂಜುಳಾ.

ಅತ್ತೆ ಮಗುವಿನ ತಲೆ ಒರೆಸುತ್ತಿದ್ದರು. ಒರೆಸುತ್ತಲೇ ಇದ್ದರು.

ಇನ್ಶೂರೆನ್ಸ್ ಕಂಪನಿಯವರು ನಷ್ಟ ನೋಡಲು ಸರ್ವೇಯರನ್ನು ಕಳಿಸುತ್ತೇವೆಂದರು. “ಅತ್ತೆ, ದಮ್ಮಯ್ಯ, ಏನೂ ಮುಟ್ಬೇಡಿ. ಕೆಸರು ಹಾಗೇ ಇರ್ಲಿ. ಗೋಡೆ ಮೇಲೆ ನೀರಿನ ಗುರುತು ಇದ್ರೇನೇ ಅವರಿಗೆ ಗೊತ್ತಾಗೋದು,” ಎಂದು ಬೇಡಿಕೊಂಡು ನಾನು ಸ್ಕೂಲಿಗೆ ಪಾಠ ಮಾಡಲು ಹೋದೆ. ಸಂಜೆ ಬಂದು ನೋಡುತ್ತೇನೆ, ಬಾಗಿಲಲ್ಲಿ ರಂಗೋಲಿ! ಹಜಾರ ಫಳಫಳ ಹೊಳೆಯುತ್ತಿದೆ. ಉಬ್ಬಿಹೋದ ಮಂಚ, ಬೀರು ಎಲ್ಲ ಗುಜರಿಯವನ ಪಾಲು. ಗೋಡೆಗೆ ಹಸಿ ಸುಣ್ಣ. ಒಳಗಿನಿಂದ ಉಪ್ಪಿಟ್ಟಿನ ಘಮಘಮ.

“ಹೊರಗಿನೋರು ಮೊದಲನೇ ಸಲ ಮನೆಗೆ ಬರ್ತಿದಾರೆ. ಕೆಸರು ತೋರ್ಸಕ್ಕಾಗುತ್ತೇನೇ?”

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹಿಂದೆಯೇ ಸರ್ವೇಯರ್ ಬಂದರು. ಕ್ಯಾಮೆರಾ ಹಿಡಿದುಕೊಂಡು ಏನನ್ನು ತೆಗೆಯಬೇಕೆಂದು ತಿಳಿಯದೆ ಸುತ್ತ ನೋಡಿದರು. “ಎಲ್ಲೀವರ್ಗೂ ಬಂದಿತ್ತಮ್ಮಾ ನೀರು?”

“ಏನೋ, ಹೊಸ್ತಿಲ ಹತ್ರ ಸ್ವಲ್ಪ... ಉಪ್ಪಿಟ್ಟು ತಗೊಳ್ಳಿ.”

ನಷ್ಟದ ಹಣ ಕೇಳುವವರೇ ನೀರು ಬಂದಿಲ್ಲ ಎನ್ನುವುದನ್ನು ಆತ ಎಲ್ಲೂ ಕಂಡಿರಲಿಕ್ಕಿಲ್ಲ. ಆ ಹೊತ್ತಿಗೆ ಮಗುವಿಗೆ ಬಿಸಿನೀರು ಕೇಳಲು ಮಂಜುಳಾ ಹಿತ್ತಲ ಬಾಗಿಲಿಗೆ ಬಂದಿದ್ದಳು. ಒದ್ದೆಯಾದ ಅವಳ ಹಾಸಿಗೆ, ಬಟ್ಟೆ, ಎಲ್ಲ ಇನ್ನೂ ಹಿತ್ತಲಲ್ಲೇ ಬಿದ್ದಿತ್ತು.

“ಹೊಸ್ತಿಲ ಹತ್ರಾನಾ ಅಮ್ಮಾ?” ಎಂದಳು. ಅಷ್ಟೇ. ಗಟ್ಟಿಯಾಗಿ ಕೂಡ ಹೇಳಲಿಲ್ಲ.

ಅತ್ತೆ ತಟ್ಟೆ ಕೆಳಗಿಟ್ಟರು. ಗೋಡೆಯ ಹತ್ತಿರ ಹೋಗಿ ಸೊಂಟದ ಎತ್ತರದಲ್ಲಿ ಹಸಿ ಸುಣ್ಣದ ಮೇಲೆ ಅಂಗೈ ಇಟ್ಟರು. “ಇಲ್ಲೀವರ್ಗೂ ಬಂತು. ಹಿಂದಿನ ಮನೇಲಿ ಇನ್ನೂ ಮೇಲೆ. ಮಗು ಹೋಗ್ಬಿಡ್ತಿತ್ತು ಸ್ವಾಮಿ. ಮುಂಚೆನೂ ಬಂದಿತ್ತು...”

ನಾನು ಅವರ ಸೆರಗು ಹಿಡಿದು ಜಗ್ಗಿದೆ. ಹಳೆಯದನ್ನು ಹೇಳಿದರೆ ದುಡ್ಡು ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಓಡಿದ್ದು ಅದೊಂದೇ, ಮಂಜುಳಾ ಎದುರಿಗೇ ನಿಂತಿದ್ದಳು ಬೇರೆ. ಈಗಲೂ ನೆನೆದರೆ ಮೈ ಮುದುಡುತ್ತದೆ.

“ಬಿಡೇ ಸೆರಗು!” ಎಂದರು ಅತ್ತೆ. “ಎಷ್ಟೋ ಸಲ ಬಂದಿತ್ತು ಸ್ವಾಮಿ. ಈ ಹುಡುಗಿಗೂ ಹೇಳ್ಲಿಲ್ಲ, ನಿಮ್ಮೋರಿಗೂ ಹೇಳ್ಲಿಲ್ಲ. ನಾನೇ ಮುಚ್ಚಿಟ್ಟೆ.”

ಹಿಂದೆ ನೀರು ಬಂದದ್ದನ್ನು ಮರೆಮಾಚಿದ್ದೀರಿ ಎಂದು ಕಂಪನಿ ನಮ್ಮ ಅರ್ಜಿ ತಳ್ಳಿಹಾಕಿತು. ತಪ್ಪೇನಿಲ್ಲ. ಮಂಜುಳಾಳ ಸಾಮಾನಿಗಂತೂ ನಮ್ಮ ಪಾಲಿಸಿಯಲ್ಲಿ ಜಾಗವೇ ಇರಲಿಲ್ಲ, ಬಾಡಿಗೆಯವರ ಸಾಮಾನಿಗೆ ಅವರೇ ಬೇರೆ ಪಾಲಿಸಿ ಮಾಡಿಸಬೇಕಂತೆ. ಅದೂ ನಮಗೆ ಆಗಲೇ ತಿಳಿದದ್ದು. ಅತ್ತೆ ತಮ್ಮ ಬಳೆ ಮಾರಿ ಅವಳಿಗೆ ಪಾತ್ರೆ, ಹಾಸಿಗೆ ಕೊಡಿಸಿದರು. ಅವಳು ತೆಗೆದುಕೊಂಡಳು, ಆ ತಿಂಗಳೇ ಮನೆಯನ್ನೂ ಬಿಟ್ಟಳು.

ಮುಂದಿನ ವರ್ಷ ಬೇರೆ ಕಂಪನಿಯವರು ಬಂದಾಗ ಅತ್ತೆ ತಾವೇ ಎದುರು ಕೂತು ನೀರಿನ ಕಥೆಯನ್ನೆಲ್ಲ ಒಪ್ಪಿಸಿದರು. ಪ್ರೀಮಿಯಂ ಸ್ವಲ್ಪ ಜಾಸ್ತಿಯಾಯಿತು, ಆದರೆ ಪಾಲಿಸಿ ಕೊಟ್ಟರು. “ನಿಜ ಹೇಳಿದ್ರೂ ಕೊಡ್ತಾರೇನೇ?” ಎಂದು ನನ್ನನ್ನು ಕೇಳಿದರು. ಕಣ್ಣು ತುಂಬಿತ್ತು. ಹಿತ್ತಲ ಮನೆಗೆ ಬೀಗ ಹಾಕಿಸಿದರು. ಬೀದಿಯವರು “ಎಲ್ಲರ ಮನೆ ಬೆಲೆನೂ ಇಳಿಸ್ತಿದೀರಲ್ಲ ಲಲಿತಮ್ಮ” ಎಂದು ಮುಖ ತಿರುಗಿಸಿದರು. ಅದನ್ನೂ ನುಂಗಿಕೊಂಡರು.

ಅತ್ತೆ ತೀರಿಹೋಗಿ ಈಗ ಎರಡು ವರ್ಷ. ಹೋಗುವ ಮುಂಚಿನ ಬೇಸಿಗೆಯಲ್ಲಿ, “ಮಂಜುಳಾನ ನೋಡ್ಬೇಕು ಕಣೇ, ಕರ್ಕೊಂಡ್ಹೋಗು,” ಎಂದರು. ಅವಳು ಚಾಮರಾಜಪೇಟೆಯಲ್ಲಿ, ಮೊದಲನೇ ಮಹಡಿಯಲ್ಲಿದ್ದಳು. ಚಾಪೆ ಹಾಸಿದಳು, ಕಾಫಿ ಕೊಟ್ಟಳು. ಅತ್ತೆ ಲೋಟ ಮುಟ್ಟಲಿಲ್ಲ. “ತಪ್ಪಾಯ್ತಮ್ಮ. ನಿನಗೆ ಹೇಳ್ಬೇಕಿತ್ತು,” ಎಂದರು.

“ಬಿಡಿ ಅಮ್ಮಾ. ನೀವೇ ಬಂದು ಎತ್ಕೊಂಡ್ರಲ್ಲ. ಪಾಪುಗೇನೂ ಆಗ್ಲಿಲ್ವಲ್ಲ.”

“ಆಗಿದ್ದಿದ್ರೆ?”

ಅಷ್ಟರಲ್ಲಿ ಒಳಗಿನಿಂದ ಮಗು ಪುಟುಪುಟು ಹೆಜ್ಜೆ ಇಡುತ್ತಾ ಬಂತು. ಹೊಸಬರನ್ನು ಕಂಡರೂ ಅಳದೆ, ನೇರ ಅತ್ತೆಯ ಕಡೆಗೇ ನಡೆಯಿತು. ಅತ್ತೆ ಎರಡೂ ಕೈ ಚಾಚಿದರು. ಮಂಜುಳಾ ಬಗ್ಗಿ ಮಗುವನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡಳು. ಬೇಕೆಂದು ಮಾಡಿದ್ದಲ್ಲ, ಕೈ ತಾನಾಗಿಯೇ ಹೋಯಿತು. ಅವಳಿಗೇ ಅದು ತಿಳಿದು ಮುಖ ಕೆಂಪಾಯಿತು, ಆದರೂ ಮಗುವನ್ನು ಇಳಿಸಲಿಲ್ಲ.

ಅತ್ತೆ ಚಾಚಿದ ಕೈಗಳನ್ನು ಮಡಿಲಿಗೆ ತಂದುಕೊಂಡರು. ವಾಪಸ್ಸು ಬರುವಾಗ ಆಟೋದಲ್ಲಿ ಏನಾದರೂ ಸಮಾಧಾನ ಹೇಳೋಣವೆಂದು ನಾನು ಬಾಯಿ ತೆರೆದೆ. ಅವರು ನನ್ನ ಕೈ ಹಿಡಿದು ತಡೆದರು.

“ಸರಿಯಾಗೇ ಮಾಡಿದ್ಲು ಕಣೇ,” ಎಂದರು.