ಮೂತಿಯಿಲ್ಲದ ಗಿಂಡಿ

ನನಗೊಂದು ರೋಗವಿದೆ. ಒಳ್ಳೆಯ ಉಪಾಯ ಹೊಳೆದರೆ ಮೈಮೇಲೆ ಬಂದವರ ಹಾಗೆ ಆಡುತ್ತೇನೆ. ಕಾರಿನಲ್ಲಿದ್ದರೆ ಸ್ಟಿಯರಿಂಗ್ ಬಡಿಯುತ್ತೇನೆ, ಅಡುಗೆಮನೆಯಲ್ಲಿದ್ದರೆ ಸೌಟು ಬೀಸುತ್ತೇನೆ. ಮಗ ತಲೆ ಎತ್ತದೆ "ಅಮ್ಮಾ, ಕಾಮ್ ಡೌನ್" ಅನ್ನುತ್ತಾನೆ. ಒಂದು ರಂಜಾನ್ ತಿಂಗಳ ಮುಂಜಾನೆ, ನಾನಿರುವ ಗಲ್ಫ್ ನಗರದ ಅಲ್ ಬರ್ಷಾ ಬಡಾವಣೆಯ ಎಂಟನೇ ಮಹಡಿಯ ಫ್ಲ್ಯಾಟೊಂದರಲ್ಲಿ ಹೊಳೆದ ಉಪಾಯದಷ್ಟು ನನ್ನನ್ನು ಕುಣಿಸಿದ್ದು, ಆಮೇಲೆ ತಲೆ ತಗ್ಗಿಸುವಂತೆ ಮಾಡಿದ್ದು ಬೇರೆ ಯಾವುದೂ ಇಲ್ಲ.

ನಾನು ಆಕ್ಯುಪೇಷನಲ್ ಥೆರಪಿಸ್ಟ್. ಊರಿನಲ್ಲಿ ನಮ್ಮ ಅತ್ತೆ ಇದನ್ನು "ಕೈಕಾಲು ಎಳೆಯುವ ಕೆಲಸ" ಎಂದು ನೆಂಟರಿಗೆ ಪರಿಚಯಿಸುತ್ತಾರೆ. ಪಾರ್ಶ್ವವಾಯು ಬಡಿದವರಿಗೆ, ಕೈ ಮುರಿದುಕೊಂಡವರಿಗೆ ಗುಂಡಿ ಹಾಕಿಕೊಳ್ಳುವುದು, ಚಮಚ ಹಿಡಿಯುವುದು, ಬೀಗ ತೆಗೆಯುವುದು ಇಂಥವನ್ನೆಲ್ಲ ಮತ್ತೆ ಕಲಿಸಬೇಕು. ಕ್ಲಿನಿಕ್ಕಿಗೆ ಬರಲಾಗದವರ ಮನೆಗೆ ನಾನೇ ಹೋಗುತ್ತೇನೆ. ಹಾಗೆ ಹೋಗುತ್ತಿದ್ದ ಮನೆಗಳಲ್ಲಿ ಇದೂ ಒಂದು. ಎಪ್ಪತ್ತೆಂಟು ವರ್ಷದ ಮುದುಕರು, ಅವರ ಒಬ್ಬಳೇ ಮಗಳು, ಇಬ್ಬರೇ. ಯೆಹೂದ್ಯರು. ಮಗಳು ಇಲ್ಲಿ ಕೆಲಸಕ್ಕೆ ಬಂದವಳು. ತಂದೆಗೆ ಪಾರ್ಶ್ವವಾಯು ಆದ ಮೇಲೆ ಅವರನ್ನೂ ಕರೆತಂದಿದ್ದಳು.

ಮುದುಕರು ನಲವತ್ತು ವರ್ಷ ದಂತವೈದ್ಯರಾಗಿದ್ದವರು. ಜನರ ಬಾಯೊಳಗೆ ಕೈ ಹಾಕಿ ಗೆದ್ದವರಿಗೆ ಈಗ ಬಲಗೈ ಮಾತು ಕೇಳುತ್ತಿರಲಿಲ್ಲ. ಎಡಗೈಯಲ್ಲಿ ಕೋಲು ಹಿಡಿದು ನಿಧಾನವಾಗಿ ನಡೆಯುತ್ತಿದ್ದರು. ಬಲಗೈ ಬೆರಳುಗಳು ಮಡಚುತ್ತಿದ್ದವು, ದಪ್ಪ ವಸ್ತುವನ್ನು ಹೇಗೋ ಹಿಡಿಯುತ್ತಿದ್ದವು. ಮಣಿಕಟ್ಟು ಮಾತ್ರ ಹೊರಳುತ್ತಿರಲಿಲ್ಲ. ನಾನು ಬಣ್ಣಬಣ್ಣದ ಗೂಟಗಳನ್ನು, ಪ್ಲಾಸ್ಟಿಕ್ ಕೋನುಗಳನ್ನು ಮೇಜಿನ ಮೇಲೆ ಜೋಡಿಸಿದರೆ ಅವರು ಅವುಗಳನ್ನು ಹಲ್ಲು ಹುಳುಕಾಗಿದೆಯೋ ಎಂದು ನೋಡುವ ಹಾಗೆ ನೋಡಿ, "ಇವನ್ನು ನಿನ್ನ ಮಗನಿಗೆ ಕೊಡು" ಅನ್ನುತ್ತಿದ್ದರು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲೇ ನಡೆಯುತ್ತಿತ್ತು, ಆದರೆ ಬೈಗುಳಕ್ಕೆ ಭಾಷೆ ಬೇಕೇ? ಎರಡು ತಿಂಗಳು ಕಳೆದರೂ ಕೈ ಇದ್ದಲ್ಲೇ ಇತ್ತು. ನಾನು ಸೋಲುತ್ತಿದ್ದೆ, ಅದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ರಂಜಾನ್ ಬಂದು ಕ್ಲಿನಿಕ್ಕಿನ ಸಮಯವೆಲ್ಲ ಬದಲಾಯಿತು. ಸಂಜೆ ಹೋಗುತ್ತಿದ್ದವಳು ಬೆಳಗ್ಗೆ ಆರೂವರೆಗೆ ಹೋಗುವಂತಾಯಿತು. ನಮ್ಮ ಮನೆಯಿರುವ ಮಿರ್ದಿಫ್‌ನಿಂದ ಆ ಹೊತ್ತಿಗೆ ರಸ್ತೆ ಖಾಲಿ. ಮೊದಲ ದಿನವೇ ಹತ್ತು ನಿಮಿಷ ಮುಂಚೆ ತಲುಪಿದೆ. ಮಗಳು ಬಾಗಿಲು ತೆಗೆದು, ತುಟಿಯ ಮೇಲೆ ಬೆರಳಿಟ್ಟು, ನನ್ನನ್ನು ಕೋಣೆಯ ಹೊಸ್ತಿಲಲ್ಲಿ ನಿಲ್ಲಿಸಿದಳು. ತಂದೆ ಆಗಷ್ಟೇ ಎದ್ದು ಹಾಸಿಗೆಯ ಅಂಚಿನಲ್ಲಿ ಕೂತಿದ್ದರು. ಕಾಲಬುಡದಲ್ಲಿ ಒಂದು ಬೇಸಿನ್, ಅದರ ಪಕ್ಕ ನೀರು ತುಂಬಿದ ಎರಡು ಹಿಡಿಕೆಯ ಲೋಟ. ಅವರು ಕೈ ಒಡ್ಡಿದರು. ಮಗಳು ಬಲಗೈಗೆ ಒಮ್ಮೆ ಸುರಿದಳು, ಎಡಗೈಗೆ ಒಮ್ಮೆ, ಮತ್ತೆ ಬಲಗೈಗೆ, ಮತ್ತೆ ಎಡಗೈಗೆ, ಹೀಗೆ ಒಂದೊಂದಕ್ಕೆ ಮೂರು ಸಲ. ಅವರು ಕೈ ಒರೆಸಿಕೊಂಡು ಹೀಬ್ರೂವಿನಲ್ಲಿ ಒಂದು ಸಣ್ಣ ಪ್ರಾರ್ಥನೆ ಹೇಳಿದರು. ಆಮೇಲೆಯೇ ನೆಲಕ್ಕೆ ಹೆಜ್ಜೆ ಇಟ್ಟದ್ದು.

"ನಿದ್ದೆಯ ಮೈಲಿಗೆ ಬೆರಳಲ್ಲಿ ಉಳಿದಿರುತ್ತದೆ ಅನ್ನುತ್ತಾರೆ," ಎಂದಳು ಮಗಳು ಅಡುಗೆಮನೆಯಲ್ಲಿ. "ಅದು ಹೋಗುವವರೆಗೆ ನಾಲ್ಕು ಮೊಳ ಕೂಡ ನಡೆಯಬಾರದು. ಅದಕ್ಕೇ ನೀರನ್ನು ಹಾಸಿಗೆಯ ಹತ್ತಿರವೇ ಇಡುವುದು."

"ಬೇರೆಯವರು ಸುರಿದರೆ ಆಗುತ್ತದೆಯೇ?"

"ಧಾರಾಳವಾಗಿ. ಸುರಿಯುವವರು ಮೊದಲು ತಮ್ಮ ಕೈ ತೊಳೆದುಕೊಂಡಿರಬೇಕು, ಅಷ್ಟೇ. ಹಾಗಾಗಿ ನಾನು ಅಪ್ಪನಿಗಿಂತ ಮುಂಚೆ ಏಳುತ್ತೇನೆ. ಇವತ್ತು ಅವರು ತಡವಾಗಿ ಎದ್ದರು. ದಿನಾ ಅವರು ಐದಕ್ಕೆ ಎದ್ದರೆ ನಾನು ನಾಲ್ಕೂಮುಕ್ಕಾಲಿಗೆ." ಅವಳ ಕಣ್ಣ ಕೆಳಗಿನ ಕಪ್ಪು ನನಗೆ ಆಗ ಅರ್ಥವಾಯಿತು.

ನಾನು ಒಳಗೆ ಹೋಗಿ ಗೂಟಗಳ ಡಬ್ಬಿ ತೆಗೆಯುವಷ್ಟರಲ್ಲಿ ಮುದುಕರೇ ಮಾತು ತೆಗೆದರು. "ನೋಡಿದೆಯಲ್ಲ. ನನಗೆ ಗುಂಡಿ ಹಾಕಿಕೊಳ್ಳುವುದು ಬೇಡ, ಚಮಚ ಬೇಡ. ನನ್ನ ಕೈ ನಾನೇ ತೊಳೆದುಕೊಳ್ಳುವ ಹಾಗೆ ಮಾಡು. ಇವಳು ಇನ್ನೊಂದು ಗಂಟೆ ಮಲಗಲಿ."

ಎರಡು ತಿಂಗಳಲ್ಲಿ ಅವರು ನನ್ನಿಂದ ಕೇಳಿದ ಮೊದಲ ವಿಷಯ ಅದು. ನನಗೆ ಮೈ ಜುಮ್ಮೆಂದಿತು. ಯೋಚಿಸಿ ನೋಡಿ! ಎಡಗೈಯಲ್ಲಿ ಲೋಟ ಹಿಡಿದು ಬಲಗೈಗೆ ಸುರಿಯಬೇಕು. ಮರುಕ್ಷಣವೇ ಅದನ್ನು ಬಲಗೈಗೆ ದಾಟಿಸಿ ಎಡಗೈಗೆ ಸುರಿಯಬೇಕು. ಹಿಡಿ, ಎತ್ತು, ಹೊರಳಿಸು, ದಾಟಿಸು, ಅದೂ ಮತ್ತೆ ಮತ್ತೆ. ನಾವು ಪುಸ್ತಕ ಓದಿ ಕಂಡುಹಿಡಿಯುವ ವ್ಯಾಯಾಮವನ್ನು ಇವರ ಹಿರಿಯರು ಎಂದೋ ಹಾಸಿಗೆಯ ಪಕ್ಕದಲ್ಲಿ ಇಟ್ಟುಹೋಗಿದ್ದರು. ನಾನು ತಡೆಯಲಾರದೆ ಆ ಲೋಟವನ್ನೇ ಎತ್ತಿ, "ಬನ್ನಿ, ಈಗಲೇ ಮೂವತ್ತು ಸಲ ಮಾಡೋಣ" ಅಂದೆ.

ಅವರ ಮುಖ ಕೆಂಪಗಾಯಿತು. "ಕೆಳಗಿಡು. ಇದು ಕಸರತ್ತಲ್ಲ."

ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರೆ, ಆತುರಗಾರ್ತಿಗೂ ಅಷ್ಟೇ. ನಮ್ಮಮ್ಮನ ಆರತಿ ತಟ್ಟೆಯನ್ನು ಯಾರಾದರೂ ತೆಗೆದುಕೊಂಡು ಮಣಿಕಟ್ಟಿನ ವ್ಯಾಯಾಮ ಮಾಡಿಸಿದ್ದರೆ ಅಮ್ಮ ಅವರ ಮಣಿಕಟ್ಟನ್ನೇ ಮುರಿಯುತ್ತಿದ್ದಳು. ಲೋಟ ಕೆಳಗಿಟ್ಟು ಕ್ಷಮೆ ಕೇಳಿದೆ.

ಕಾರಿಗೆ ಬಂದು ಕೂತರೂ ತಲೆ ಮಾತ್ರ ಓಡುತ್ತಲೇ ಇತ್ತು. ಆ ಲೋಟದ ಹಿಡಿಕೆ ಸಣ್ಣದು, ಅವರ ಬೆರಳು ಒಳಗೆ ಹೋಗುವುದಿಲ್ಲ. ದಪ್ಪ ಹಿಡಿಕೆ ಹಾಕಿಸಬಹುದು. ಆದರೆ ಹೊರಳದ ಮಣಿಕಟ್ಟಿನಿಂದ ಲೋಟ ಬಗ್ಗುವುದು ಹೇಗೆ? ಸಿಗ್ನಲ್ ಹಸಿರಾಯಿತು, ಹಿಂದಿನವನು ಹಾರ್ನ್ ಬಾರಿಸಿದ, ಆಗಲೇ ಹೊಳೆಯಿತು. ಗಿಂಡಿ! ನಮ್ಮ ಕಡೆ ಕೈಕಾಲು ತೊಳೆಯಲು ಇಡುವ ಗಿಂಡಿ! ಪಕ್ಕದಲ್ಲಿ ಮೂತಿ ಇದ್ದರೆ ಒಂದಿಷ್ಟೇ ಓರೆ ಮಾಡಿದರೂ ನೀರು ಧಾರೆಯಾಗಿ ಬೀಳುತ್ತದೆ. ಸ್ಟಿಯರಿಂಗ್ ಬಡಿದೆ.

ಅದೇ ಮಧ್ಯಾಹ್ನ ಸತ್ವಾಕ್ಕೆ ಹೋದೆ. ಅಲ್ಲಿ ಗ್ಯಾರೇಜುಗಳ ಸಾಲಿನಲ್ಲಿ ಮೂಡುಬಿದಿರೆಯವರೊಬ್ಬರು ಹೋಟೆಲುಗಳಿಗೆ ಸ್ಟೀಲಿನ ಸಾಮಾನು ವೆಲ್ಡಿಂಗ್ ಮಾಡಿಕೊಡುತ್ತಾರೆ. ನನ್ನ ರೋಗಿಗಳಿಗೆ ಬೇಕಾದ ವಕ್ರ ಚಮಚಗಳೆಲ್ಲ ಅವರದೇ ಕೈಗುಣ. ಕಾಗದದ ಮೇಲೆ ಬರೆದು ತೋರಿಸಿದೆ.

"ಇದೆಂತ ಅಕ್ಕ? ಎರಡು ಹಿಡಿಕೆ ಯಾಕೆ?"

"ಒಂದು ಕೈಯಿಂದ ಇನ್ನೊಂದು ಕೈಗೆ ಕೊಡ್ಲಿಕ್ಕೆ. ಇಲ್ಲಿ ಮೂತಿ ಬೇಕು, ನಮ್ಮ ಗಿಂಡಿಗೆ ಉಂಟಲ್ಲ, ಹಾಗೆ."

"ಗಿಂಡಿಯಾ! ಅದನ್ನು ಮೊದಲೇ ಹೇಳ್ಬಾರ್ದಾ ಮಾರಾಯ್ರೆ! ನಾಡಿದ್ದು ಬನ್ನಿ, ಫಸ್ಟ್ ಕ್ಲಾಸ್ ಮಾಡಿ ಕೊಡ್ತೇನೆ." ಅವರಿಗೆ ನನಗಿಂತ ಹೆಚ್ಚು ಹುಮ್ಮಸ್ಸು ಬಂತು. ಅಡುಗೆ ಹೊಗೆಯ ಪೈಪುಗಳ ನಡುವೆ ಊರಿನ ಪಾತ್ರೆ ಮಾಡುವ ಯೋಗ ಎಷ್ಟು ಸಲ ಸಿಗುತ್ತದೆ?

ನಿಜಕ್ಕೂ ಫಸ್ಟ್ ಕ್ಲಾಸ್ ಆಗಿತ್ತು. ಮೂರನೇ ದಿನ ಬೆಳಗ್ಗೆ ಅದನ್ನು ಚೀಲದಲ್ಲಿ ಹೊತ್ತು, ಐದಕ್ಕೇ ಹಾಜರಾದೆ. ಮಗಳು ಅದನ್ನು ನೋಡಿ ಏನೋ ಹೇಳಲು ಬಾಯಿ ತೆರೆದಳು. ನಾನು ಬಿಟ್ಟರೆ ತಾನೇ? ನೀರು ತುಂಬಿ ಮುದುಕರ ಮುಂದೆ ಹಿಡಿದೆ. ಅವರು ಎಡಗೈಯಲ್ಲಿ ಹಿಡಿದು ಬಲಗೈಗೆ ಸುರಿದುಕೊಂಡರು. ಬಲಗೈಯ ಬೆರಳುಗಳನ್ನು ದಪ್ಪ ಹಿಡಿಕೆಗೆ ಒಂದೊಂದಾಗಿ ಸುತ್ತಿದರು. ಭುಜ ಎತ್ತಿದರು. ಗಿಂಡಿ ತುಸು ಬಾಗಿತು, ಮೂತಿಯಿಂದ ನೀರು ಸಣ್ಣಗೆ ಹೊರಟು ಎಡಗೈಯ ಮೇಲೆ ಬಿತ್ತು.

"ಯಲ್ಲಾ!" ಎಂದು, ಇಲ್ಲಿಯವರು 'ನಡಿ ನಡಿ' ಅನ್ನುವ ಹಾಗೆ, ಕಿರುಚಿಬಿಟ್ಟೆ. ಚಪ್ಪಾಳೆ ತಟ್ಟಿದೆ. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಕೋಣೆಯಲ್ಲಿ ನಾನೊಬ್ಬಳೇ ಕುಣಿಯುತ್ತಿದ್ದೇನೆ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಮುದುಕರು ಗಿಂಡಿಯನ್ನು ಪಕ್ಕಕ್ಕಿಟ್ಟು ಮೂತಿಯ ಮೇಲೆ ಬೆರಳಾಡಿಸಿದರು. ಮಗಳೇ ಮೆಲ್ಲಗೆ ಹೇಳಿದಳು. "ನೀರು ಪಾತ್ರೆಯ ಅಂಚಿನಿಂದ ಬೀಳಬೇಕು. ಮೂತಿಯಿಂದ ಬಿದ್ದದ್ದು ಪಾತ್ರೆಯಿಂದ ಬಿದ್ದ ಹಾಗಲ್ಲ. ಊಟಕ್ಕೆ ಮೊದಲಿನ ತೊಳೆಯುವಿಕೆಗಂತೂ ಖಂಡಿತ ಆಗುವುದಿಲ್ಲ. ಬೆಳಗಿನದಕ್ಕೆ ಬೇರೆ ದಾರಿ ಇಲ್ಲದಿದ್ದರೆ ನಡೆಯುತ್ತದೆ ಅನ್ನುವವರೂ ಇದ್ದಾರೆ." ತಂದೆಯ ಕಡೆ ನೋಡಿದಳು. "ಅಪ್ಪ ಅಂಥವರಲ್ಲ."

ಆಮೇಲೆ ಅವಳು ಹಳೆಯ ಲೋಟ ತಂದಳು. ಅವರು ಕೈ ಒಡ್ಡಿದರು. ಅವಳು ಸುರಿದಳು. ನಾನು ಗಿಂಡಿಯನ್ನು ತಬ್ಬಿಕೊಂಡು ಗೋಡೆಗೆ ಒರಗಿ ನಿಂತಿದ್ದೆ. ನಾಚಿಕೆ, ಸಿಟ್ಟು ಎರಡೂ ಬಂದವು. ಮೂತಿ ಎಂದರೆ ಅನುಕೂಲವಲ್ಲವೇ, ಅದರಲ್ಲಿ ತಪ್ಪೇನು ಎಂದು ದಾರಿಯುದ್ದಕ್ಕೂ ಯಾರ ಜೊತೆಗೋ ಜಗಳವಾಡಿದೆ. ಮೊದಲೇ ಒಂದು ಮಾತು ಕೇಳಬಹುದಿತ್ತು ಎಂಬ ಉತ್ತರವನ್ನು ನಾನೇ ಕೊಟ್ಟುಕೊಂಡೆ.

ಮುಂದಿನ ಸಲ ಹೋದಾಗ ಗೂಟಗಳ ಡಬ್ಬಿಯನ್ನೇ ಒಯ್ದೆ. ಮುದುಕರು ಅದನ್ನು ತಳ್ಳಿದರು. "ನಿನ್ನ ಆ ಮೂಗಿನ ಪಾತ್ರೆ ಎಲ್ಲಿ?"

"ಅದು ಆಗುವುದಿಲ್ಲವಲ್ಲ."

"ತೊಳೆಯುವುದಕ್ಕೆ ಆಗುವುದಿಲ್ಲ. ಹಾಗಾದರೆ ಕಸರತ್ತಿಗೆ ಆಗುತ್ತದೆ." ಅವರು ಮೊದಲ ಸಲ ನಕ್ಕರು. ಹಲ್ಲುಗಳು ಅಚ್ಚುಕಟ್ಟಾಗಿದ್ದವು, ವೈದ್ಯರಲ್ಲವೇ? "ಅದರಲ್ಲಿ ನೀನು ಮೂವತ್ತಲ್ಲ, ಮುನ್ನೂರು ಸಲ ಮಾಡಿಸು."

ನನ್ನ ತಪ್ಪಿನ ಪಾತ್ರೆಯೇ ನಮ್ಮ ಪಾಠಶಾಲೆಯಾಯಿತು! ಬಾಲ್ಕನಿಯಲ್ಲಿ ಕೂತು ಪುದೀನಾ ಕುಂಡಗಳಿಗೆ ಬಲಗೈಯಿಂದ ನೀರು ಹಾಕುವುದು. ಮೊದಲ ವಾರ ಗಿಂಡಿ ತುಂಬ ನೀರು. ತುಂಬಿದ್ದರೆ ಸ್ವಲ್ಪ ಬಾಗಿಸಿದರೆ ಸಾಕು. ಎರಡನೇ ವಾರ ಮುಕ್ಕಾಲು, ಆಮೇಲೆ ಅರ್ಧ. ನೀರು ಕಡಿಮೆಯಾದಷ್ಟೂ ಮಣಿಕಟ್ಟು ಹೆಚ್ಚು ಹೊರಳಬೇಕು. ಅವರಿಗೆ ಈ ಲೆಕ್ಕಾಚಾರ ಬಹಳ ಹಿಡಿಸಿತು. ನಾನಿಲ್ಲದ ದಿನಗಳಲ್ಲೂ ಮಾಡುತ್ತಿದ್ದರು. ಅರ್ಧ ಗಿಂಡಿ ನೀರು ಮೊದಲ ಬಾರಿ ಸುರಿದ ದಿನ ಮಗಳು ಆಫೀಸಿನ ಕರೆಯನ್ನು ಅರ್ಧಕ್ಕೆ ಬಿಟ್ಟು ಓಡಿಬಂದು ನೋಡಿದಳು. ಪುದೀನಾ ಮಾತ್ರ ನೀರು ಹೆಚ್ಚಾಗಿ ಕೊಳೆತುಹೋಯಿತು. ಬೇರೆ ಗಿಡ ತಂದರು.

ನಾನು ಮತ್ತೆ ಸತ್ವಾಕ್ಕೆ ಓಡಿದೆ. ಅದೇ ಅಳತೆ, ಅದೇ ದಪ್ಪ ಹಿಡಿಕೆ, ಅಂಚು ಸಮವಾಗಿ ನುಣ್ಣಗಿರಬೇಕು, ಮೂತಿ ಬೇಡ.

"ಮೂತಿ ಬೇಡ್ವಾ? ಮೂತಿ ಇಲ್ಲದ್ದು ಎಂತ ಗಿಂಡಿ ಅಕ್ಕ?" ಅವರಿಗೆ ಬೇಸರವಾಯಿತು. "ನಾನು ಮಾಡಿದ್ದು ಸರಿ ಆಗ್ಲಿಲ್ವಾ?"

"ನೀವು ಮಾಡಿದ್ದು ಭಾರಿ ಲಾಯ್ಕಾಗಿದೆ. ನಾನು ಹೇಳಿದ್ದೇ ತಪ್ಪು."

"ಹಾಗೆ ಹೇಳಿ," ಎಂದು ಸಮಾಧಾನಗೊಂಡು ಕನ್ನಡಕ ಇಳಿಸಿಕೊಂಡರು.

ಹೊಸ ಲೋಟವನ್ನು ಈ ಸಲ ಮಗಳ ಕೈಗೆ ಕೊಟ್ಟು, "ಸರಿಯಿದೆಯೇ ನೋಡಿ" ಎಂದು ಕೇಳಿದೆ. ಮುದುಕರು ಅಂಚಿನ ಸುತ್ತ ಬೆರಳಾಡಿಸಿ ತಲೆಯಾಡಿಸಿದರು. ಅದನ್ನು ಅಭ್ಯಾಸಕ್ಕೆ ಮುಟ್ಟಲಿಲ್ಲ, ಕಪಾಟಿನಲ್ಲಿಟ್ಟರು. ಯಾವಾಗ ತೆಗೆಯುವುದೆಂದು ನಾನೂ ಕೇಳಲಿಲ್ಲ. ಕೇಳದೆ ಇರುವುದು ನನಗೆ ಎಷ್ಟು ಕಷ್ಟವೆಂದು ನನ್ನ ಮನೆಯವರನ್ನು ಕೇಳಿ.

ಹನ್ನೊಂದು ದಿನ ಕಳೆದ ಮೇಲೆ ಮಗಳ ಸಂದೇಶ ಬಂತು: "ನಾಳೆ ಹೊಸ ಲೋಟ ಇಡು ಅಂದಿದ್ದಾರೆ. ಬನ್ನಿ. ಆದರೆ ಕಿರುಚಬೇಡಿ."

ಹೋದೆ. ಹೊಸ್ತಿಲಲ್ಲಿ ನಿಂತು ಎರಡೂ ಕೈಗಳನ್ನು ಕಂಕುಳಲ್ಲಿ ಅವಿತಿಟ್ಟುಕೊಂಡೆ, ಇಲ್ಲದಿದ್ದರೆ ಅವು ತಾವಾಗಿ ಸಹಾಯಕ್ಕೆ ಓಡುತ್ತಿದ್ದವು. ಮಗಳು ಟವೆಲ್ ಹಿಡಿದು ಗೋಡೆಯ ಹತ್ತಿರ ನಿಂತಿದ್ದಳು. ಮುದುಕರು ಎದ್ದು ಕೂತರು. ಎಡಗೈಯಿಂದ ಬಲಗೈಗೆ ಸುರಿದರು. ಲೋಟವನ್ನು ದಾಟಿಸಿದರು. ಬಲಗೈ ನಡುಗುತ್ತಾ ಮೇಲೆದ್ದಿತು, ಬಾಗಿತು, ನಿಂತಿತು. ಮಣಿಕಟ್ಟು ಇನ್ನೊಂದಿಷ್ಟು ಹೊರಳಿತು, ಅಂಚಿನ ಮೇಲಿಂದ ನೀರು ಎಡಗೈಯ ಮೇಲೆ ಇಳಿಯಿತು. ಮತ್ತೆ ಬಲಕ್ಕೆ. ಮತ್ತೆ ಎಡಕ್ಕೆ. ಮತ್ತೆ ಬಲಕ್ಕೆ. ಕೊನೆಯ ಸಲ ಅರ್ಧ ನೀರು ಚಾಪೆಯ ಮೇಲೆ ಚೆಲ್ಲಿದರೂ ಉಳಿದರ್ಧ ಕೈಗೆ ಬಿತ್ತು. ಮಗಳು ಟವೆಲ್ ಕೊಟ್ಟಳು. ಅವರು ಕೈ ಒರೆಸಿಕೊಂಡು ಪ್ರಾರ್ಥನೆ ಹೇಳಿದರು. ನಾನು ಕಿರುಚಲಿಲ್ಲ. ಅಳುತ್ತಿದ್ದೆ, ಹಾಗಾಗಿ ಕಿರುಚಲು ಆಗಲೂ ಇಲ್ಲ.

"ನಾಳೆ ನೀನು ಅಲಾರಂ ಇಡಬೇಡ," ಎಂದರು ಅವರು ಮಗಳಿಗೆ. "ಮಲಗಿರು. ಎಚ್ಚರವಾದಾಗ ಕೂಗು, ನಿನ್ನ ಹಾಸಿಗೆಯ ಹತ್ತಿರ ನಾನೇ ನೀರು ತರುತ್ತೇನೆ. ನಿನ್ನ ಕೈಗೆ ನಾನು ಸುರಿಯುತ್ತೇನೆ."

ಎಡಗೈಯಲ್ಲಿ ಕೋಲು ಇರುತ್ತದೆ, ತುಂಬಿದ ಲೋಟವನ್ನು ಆ ಬಲಗೈಯಲ್ಲೇ ಹಿಡಿದು ಕಾರಿಡಾರ್ ದಾಟಬೇಕು, ಬಾಗಿಲು ತೆರೆಯಲು ಕೈಯೇ ಉಳಿಯುವುದಿಲ್ಲ. ಆಗದ ಕೆಲಸ ಎಂದು ನನಗೆ ಗೊತ್ತಿತ್ತು, ಬಾಯಿಗೂ ಬಂದಿತ್ತು. ಮಗಳು ಒದ್ದೆ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅದರೊಳಗಿಂದಲೇ ಹೇಳಿದಳು.

"ಬಾಗಿಲು ತೆರೆದಿಟ್ಟೇ ಮಲಗುತ್ತೇನೆ, ಅಪ್ಪಾ."