ಮಾವಶಿಯ ಕಣ್ಣು, ನನ್ನ ಅವಸರ

ಕಳೆದ ತಿಂಗಳು ನಮ್ಮ ಮಾವಶಿ ನಾಲ್ಕು ದಿನ ನನ್ನನ್ನು ತನ್ನ ಗಂಡನೆಂದೇ ತಿಳಿದು ಬೈದಳು. ಆ ಗಂಡ, ಅಂದರೆ ನಮ್ಮ ಕಾಕಾ, ತೀರಿಕೊಂಡು ಎಂಟು ವರ್ಷವಾಗಿದೆ.

ಮಾವಶಿ ಎಂದರೆ ಅವ್ವನ ತಂಗಿ. ಬೋರಗಾಂವದಲ್ಲಿ ಮೂವತ್ತು ವರ್ಷ ಪವರ್‌ಲೂಮ್ ನಡೆಸಿದವಳು. ಮಗ್ಗದ ಸದ್ದಿನ ಮೇಲೆ ಕೂಗಿ ಕೂಗಿ, ಈಗ ಗುಟ್ಟು ಹೇಳಿದರೂ ಓಣಿಗೆಲ್ಲ ಕೇಳುತ್ತದೆ. ಕಿಡ್ನಿ ಎರಡೂ ಕೈಕೊಟ್ಟಿವೆ. ವಾರಕ್ಕೆ ಮೂರು ಸಲ ಚಿಕ್ಕೋಡಿಗೆ ಡಯಾಲಿಸಿಸ್. ಡ್ರೈವರ್ ನಾನು.

ಇತ್ತೀಚೆಗೆ ಪ್ರತಿ ಸಲವೂ ಡಯಾಲಿಸಿಸ್ ಮೂರನೇ ತಾಸಿಗೆ ಬಂದಾಗ ಬಲಗಣ್ಣು ನೋವಿನಿಂದ ಸಿಡಿಯುತ್ತಿತ್ತು.

"ಬಿಪಿ ಇಳದಿರಬೇಕ್ರಿ, ಕಣ್ಣ ಮುಚ್ಚಕೊಂಡ ಮಲಕೋರಿ" ಎಂದ ಟೆಕ್ನಿಷಿಯನ್.

"ಕಣ್ಣ ಮುಚ್ಚಿದ್ರ ಬಿಪಿ ಏರತೈತೇನ?" ಎಂದಳು ಮಾವಶಿ.

ನೋಡಿದರೆ ಬಿಪಿ ಸರಿಯಾಗಿಯೇ ಇತ್ತು. ಹಾಗಾಗಿ ನಿಪ್ಪಾಣಿಯ ಕಣ್ಣಿನ ಡಾಕ್ಟರ್ ಬಳಿ ಕರೆದೊಯ್ದೆ. ಗ್ಲಾಕೋಮಾ ಎಂದರು. ಕಣ್ಣೊಳಗೆ ಒತ್ತಡ ಹೆಚ್ಚಿ ನರ ಹಾಳಾಗುವ ರೋಗ. ಮಾವಶಿ "ಸಾಹೇಬ್ರ, ನಾ ಮಷೀನಿಗೆ ಹೋದಾಗ..." ಎಂದು ಶುರು ಮಾಡಿದಳು.

"ಮಾವಶಿ, ಇವ್ರು ಕಣ್ಣಿನ ಡಾಕ್ಟರ್. ಕಿಡ್ನಿ ಪುರಾಣ ಇಲ್ಯಾಕ?" ಎಂದೆ ನಾನು. (ಹೊರಗೆ ಕಾರು ಅಡ್ಡ ನಿಲ್ಲಿಸಿದ್ದೆ. ಜಾಣರಿಗೆ ಯಾವಾಗಲೂ ಅವಸರ.)

ಅವಳು ಸುಮ್ಮನಾದಳು. ಡಾಕ್ಟರೂ ಕೇಳಲಿಲ್ಲ. ಒತ್ತಡ ಇಳಿಸುವ ಗುಳಿಗೆ ಬರೆದರು.

ಎರಡೇ ದಿನದಲ್ಲಿ ಮಾವಶಿಗೆ ಮಂಪರು. ಕಾಲು ನೆಲಕ್ಕೆ ಸರಿಯಾಗಿ ಊರುತ್ತಿರಲಿಲ್ಲ. ನನ್ನನ್ನು ಕಾಕಾ ಎಂದು ತಿಳಿದು, "ನಿಮ್ಮವ್ವನ ಮಾತ ಕೇಳಿ ನನ್ನ ತವರಿಗೆ ಕಳಸಲಿಲ್ಲ" ಎಂದು ಮರಾಠಿ ಬೆರೆಸಿ ತರಾಟೆಗೆ ತೆಗೆದುಕೊಂಡಳು. ವಯಸ್ಸಾಯಿತು ಎಂದುಕೊಂಡೆ. ನಕ್ಕೆ ಕೂಡ.

ಮುಂದಿನ ಡಯಾಲಿಸಿಸ್ ದಿನ ಕಿಡ್ನಿ ಡಾಕ್ಟರ್ ಅವಳ ಮಂಪರು ನೋಡಿ, ಚೀಲ ಜಾಲಾಡಿ ಗುಳಿಗೆ ಹೊರತೆಗೆದರು.

"ಇದನ್ನ ಯಾರ್ ಕೊಟ್ರು? ಇದು ಕಿಡ್ನಿಯಿಂದ ಹೊರಗ ಹೋಗೂ ಔಷಧ. ಇವರಿಗೆ ಕಿಡ್ನಿ ಎಲ್ಲಿ ಐತ್ರಿ? ಮೈಯಾಗ ಉಳದು ತಲಿಗೆ ಏರೈತಿ."

ನಾನು ಕಣ್ಣಿನ ಡಾಕ್ಟರ ಚೀಟಿ ತೆಗೆದು ಕೊಟ್ಟೆ. ಅವರು ಅಲ್ಲಿಂದಲೇ ನಿಪ್ಪಾಣಿಗೆ ಫೋನ್ ಹಚ್ಚಿದರು. ಇಬ್ಬರೂ ಡಾಕ್ಟರು ಮಾವಶಿಯ ಬಗ್ಗೆ ಮಾತಾಡಿದ್ದು ಅದೇ ಮೊದಲು. ಗುಳಿಗೆ ಬಂದ್. ಬದಲಿಗೆ ಕಣ್ಣಿಗೆ ಹನಿ. ಕೆಲವರಿಗೆ ಡಯಾಲಿಸಿಸ್ ನಡೆಯುವಾಗಲೇ ಕಣ್ಣಿನ ಒತ್ತಡ ಏರುತ್ತದಂತೆ. ಅದಕ್ಕೇ ಮೂರನೇ ತಾಸಿನ ಆ ನೋವು. ಮಷೀನಿನ ವೇಗ ತಗ್ಗಿಸಿ, ಹೊತ್ತು ಹೆಚ್ಚಿಸಿದರು. ಡಯಾಲಿಸಿಸ್‌ಗೆ ಮೊದಲೊಮ್ಮೆ, ಆಮೇಲೊಮ್ಮೆ ಕಣ್ಣಿನ ಒತ್ತಡ ಅಳೆಯಲು ಹೇಳಿದರು.

ವಾರದಲ್ಲಿ ಮಾವಶಿಯ ತಲೆ ತಿಳಿಯಾಯಿತು. ನೋವೂ ನಿಂತಿತು. ಬಲಗಣ್ಣಿನ ಅಂಚಿನ ನೋಟ ಮಾತ್ರ ಹೋದದ್ದು ಹೋಯಿತು, ಮರಳಿ ಬರುವುದಿಲ್ಲ.

ನಾನು ತಪ್ಪಾಯಿತು ಎಂದೆ.

"ಇರ್ಲಿ ಬಿಡ ತಮ್ಮಾ. ಅಂವಾ ಇದ್ದಾಗ ಬೈಯಾಕ ಧೈರ್ಯ ಇರಲಿಲ್ಲ. ನಿನ್ನ ನೆಪದಾಗ ಬೈದ ಮುಗಸೇನಿ."

ಅವಳು ಕ್ಷಮಿಸಿದಳು, ಸರಿ. ಆದರೆ ಆಸ್ಪತ್ರೆಗೆ ಜೊತೆಗೆ ಹೋಗುವ ನಮ್ಮಂಥವರ ಕೆಲಸ ಕಾರು ಓಡಿಸುವುದೋ, ರೋಗಿಯ ಬಾಯಿ ಮುಚ್ಚಿಸುವುದೋ?