ಅಯ್ಯನವರು ಕಲಿತ ಮುಫ್ಲಿಸ್

ಗುಂಜೋಟಿಯ ಶಂಕರಯ್ಯನವರು ಜಂಗಮರ ಮನೆಯಲ್ಲಿ ಹುಟ್ಟಿದ್ದರಿಂದ ಮೀಸೆ ಮೂಡುವ ಮೊದಲೇ ಅಯ್ಯನವರಾದರು. ಈಗ ತಲೆಯೆಲ್ಲ ಬೆಳ್ಳಗಾಗಿದೆ. ಇವತ್ತು ಸಾಸ್ತೂರಿನಲ್ಲಿ ಗೃಹಪ್ರವೇಶ, ನಾಳೆ ನಿಲಂಗಾದಲ್ಲಿ ತೊಟ್ಟಿಲು, ನಡುವೆ ಎಲ್ಲೋ ಒಂದು ಸಾವು. ಯಾರೋ ಬೈಕು ತಂದು ಕರೆದೊಯ್ಯುತ್ತಾರೆ, ಪಾದ ತೊಳೆಯುತ್ತಾರೆ, ಗಾದಿಯ ಮೇಲೆ ಕೂರಿಸುತ್ತಾರೆ. ಅಲ್ಲಿಯವರೆಗೆ ಹರಟೆ ಕೊಚ್ಚುತ್ತಿದ್ದವರೆಲ್ಲ ಇವರ ಮುಖ ಕಂಡದ್ದೇ ಗಪ್‌ಚಿಪ್. ಮೊಣಕಾಲಿನ ನೋವಿಗಿಂತ ಈ ಮೌನವೇ ಅವರನ್ನು ಹೆಚ್ಚು ದಣಿಸಿತ್ತು.

ಹೀಗಾಗಿ ಬಿಡುವಾದ ಮಧ್ಯಾಹ್ನ ಅವರು ಕಾಶೆಪ್ಪನ ಹಿಟ್ಟಿನ ಗಿರಣಿಗೆ ಹೋಗುತ್ತಿದ್ದರು. ಕಾಶೆಪ್ಪ ಆಳಂದದ ಕಡೆಯಿಂದ ಬಂದು ಇಲ್ಲೇ ಬೇರು ಬಿಟ್ಟವನು. ಕರೆಂಟು ಹೋದಾಗ ಅವನೂ, ಉದಗೀರ ಡಿಪೋದಲ್ಲಿ ಕಂಡಕ್ಟರಾಗಿದ್ದು ನಿವೃತ್ತನಾದ ರೇವಣಪ್ಪನೂ ಕಟ್ಟೆಯ ಮೇಲೆ ಮೂರೆಲೆಯ ಇಸ್ಪೀಟು, ತೀನ್ ಪತ್ತಿ ಆಡುತ್ತಿದ್ದರು. ಪಣಕ್ಕೆ ಹುಣಸೆ ಬೀಜ. ಶಂಕರಯ್ಯನವರೂ ಕೂತರು. ಕೂತ ದಿನದಿಂದ ಗೆದ್ದದ್ದೇ ಗೆದ್ದದ್ದು. ತಮ್ಮ ಕೈಗುಣವೆಂದು ಮನಸ್ಸಿನಲ್ಲೇ ಬೀಗಿದರು ಪಾಪ.

ಒಂದು ದಿನ ಕಾಶೆಪ್ಪ ಆಟ ಬಿಟ್ಟು ಬೋರಲು ಹಾಕಿದ್ದ ಎಲೆಗಳು ಗಾಳಿಗೆ ಮಗುಚಿದವು. ಮೂರೂ ಎಕ್ಕ! ಅದಕ್ಕಿಂತ ದೊಡ್ಡ ಎಲೆ ಆ ಆಟದಲ್ಲಿಲ್ಲ.

"ಏನೋ ಇದು?" ಎಂದರು ಶಂಕರಯ್ಯ.

"ಅಯ್ಯನೋರಿಗಿ ಸೋಲಸ್ಲಿಕ್ಕ ನಮಗ ಮನಸ ಹ್ಯಾಂಗ ಬರ್ತದರೀ?" ಕಾಶೆಪ್ಪ ತಲೆ ತಗ್ಗಿಸಿದ.

ಶಂಕರಯ್ಯನವರಿಗೆ ನಿಜಕ್ಕೂ ಬೇಸರವಾಯಿತು. ಗಿರಣಿಯ ಕಟ್ಟೆಯೂ ಗಾದಿಯೇ ಆಗಿಬಿಟ್ಟಿತ್ತಲ್ಲ! ಒಂದೇ ಒಂದು ಸಲ ಯಾರಾದರೂ ತಮ್ಮನ್ನು ಸೋಲಿಸಿ, ಎಲ್ಲರನ್ನೂ ನೋಡಿ ನಗುವಂತೆ ತಮ್ಮನ್ನೂ ನೋಡಿ ನಗಬೇಕು. ಬೇಕಾದದ್ದು ಅಷ್ಟೇ. "ಬೇಕಂತ ಸೋಲ್ಲಿಕ್ಕ ನಿಮಗ ಸಲೀಸ ಇಲ್ದಿದ್ದು ಬ್ಯಾರೆ ಆಟ ಇದ್ರ ಕಲಸ್ರೋ," ಎಂದರು.

ರೇವಣಪ್ಪ ಡಿಪೋದಲ್ಲಿ ಕಲಿತಿದ್ದ, ತೀನ್ ಪತ್ತಿಯದೇ ಮುಫ್ಲಿಸ್ ಎಂಬ ದಿವಾಳಿ ಆಟ ತೆಗೆದ. "ಇದ್ರಾಗ ಎಲ್ಲಾ ಉಲ್ಟಾರೀ. ಎಕ್ಕ, ರಾಜಾ ಬಂದ್ರ ಕೆಲಸ ಕೆಟ್ಟಂಗ. ಬಣ್ಣ ಬ್ಯಾರೆ ಬ್ಯಾರೆ ಇದ್ದು ಎರಡು, ಮೂರು, ಐದು ಬಂದ್ರ ಅದೇ ಎಲ್ಲಾದ್ರಕಿಂತ ದೊಡ್ಡದು."

ಕಲಿಯುವುದು ಸುಲಭವಿರಲಿಲ್ಲ. ರಾಜ ಬಂದರೆ ಶಂಕರಯ್ಯನವರ ಮುಖ ಅರಳುತ್ತಿತ್ತು, ಆಮೇಲೆ ನೆನಪಾಗಿ ಬಾಡುತ್ತಿತ್ತು. ಸಾಸ್ತೂರಿನಲ್ಲಿ ಯಾರೋ ಪಾದ ತೊಳೆಯುವಾಗಲೂ ಇವರ ತಲೆಯಲ್ಲಿ ಎರಡು, ಮೂರು, ಐದು. ಮಂತ್ರ ಎಲ್ಲಿಗೆ ಬಂದಿತ್ತೆಂಬುದೇ ಮರೆತುಹೋಯಿತು. ಅಂತೂ ಕಲಿತರು.

ಒಂದು ಮಧ್ಯಾಹ್ನ ರೇವಣಪ್ಪ ಬೇಗನೆ ಎಲೆ ಚೆಲ್ಲಿದ. ಶಂಕರಯ್ಯನವರ ಕೈಯಲ್ಲಿ ಎರಡು, ನಾಲ್ಕು, ಆರು. ಒಳ್ಳೆಯ ಎಲೆಗಳೇ. ಕಾಶೆಪ್ಪ ಮಾತ್ರ ನಿಶ್ಚಿಂತೆಯಿಂದ ಬೀಜದ ಮೇಲೆ ಬೀಜ ಹಾಕುತ್ತಲೇ ಇದ್ದ. ಎಲೆ ದೊಡ್ಡದಾದರೆ ಅಯ್ಯನವರಿಗಾಗಿ ಬಿಟ್ಟುಕೊಡಬೇಕು, ಸಣ್ಣದಾದರೆ ಧೈರ್ಯವಾಗಿ ಆಡಿ ಸೋಲಬಹುದು, ಇದು ಹಳೆಯ ಆಟದಿಂದ ಅವನಿಗೆ ರಕ್ತಗತವಾದ ಲೆಕ್ಕ. ಕೈಯಲ್ಲಿದ್ದದ್ದು ಬರೀ ಪುಡಿ ಎಲೆ. ಸೋಲು ಖಾತ್ರಿಯೆಂಬ ಖುಷಿಯಲ್ಲಿ ಅವನು ಎಲೆ ತೆರೆದ.

ಎರಡು, ಮೂರು, ಐದು. ಬಣ್ಣ ಬೇರೆ ಬೇರೆ.

"ಅರೇ ಕಾಶೆಪ್ಪಾ, ನೀ ಗೆದ್ದಿ!" ರೇವಣಪ್ಪ ಕೂಗಿದ.

ಶಂಕರಯ್ಯನವರು ತೊಡೆ ತಟ್ಟಿ ನಕ್ಕರು. ಅಂಥ ನಗು ಅವರಿಗೇ ಮರೆತುಹೋಗಿತ್ತು. ಮೈಮೇಲಿನ ಭಾರವನ್ನು ಯಾರೋ ಇಳಿಸಿದಷ್ಟು ಹಗುರಾಯಿತು. "ಸೋತ್ನಲ್ಲೋ ಮಾರಾಯಾ! ಖರೇನ ಸೋತ್ನಲ್ಲೋ! ನಗೋ ಕಾಶ್ಯಾ, ನನ್ನ ನೋಡಿ ನಗೋ!"

ಕಾಶೆಪ್ಪ ನಗಲಿಲ್ಲ. ಅವನ ಮುಖ ಬಿಳುಚಿತ್ತು. "ಚೂಕ ಆಯ್ತರೀ ಅಯ್ಯನೋರ. ಮಾಫ ಮಾಡ್ರಿ," ಎನ್ನುತ್ತ ಬಗ್ಗಿ ಎರಡೂ ಪಾದ ಹಿಡಿದುಕೊಂಡ. ರೇವಣಪ್ಪನೂ ಕೈಮುಗಿದು ಎದ್ದು ನಿಂತ.

'ಬಿಡೋ ಕಾಲು, ಬೀಜ ಎತ್ಕೋ' ಎನ್ನಬೇಕೆಂದು ಶಂಕರಯ್ಯನವರು ಬಾಯಿ ತೆರೆದರು. ಅಷ್ಟರಲ್ಲಿ ಅವರ ಬಲಗೈ ತಾನಾಗಿ ಮೇಲೆದ್ದು ಕಾಶೆಪ್ಪನ ನೆತ್ತಿಯ ಮೇಲೆ ಕೂತಿತ್ತು. ಬಾಯಿಂದಲೂ ಅಭ್ಯಾಸದ ಮಾತೇ ಬಂತು: "ಕಲ್ಯಾಣ ಆಗ್ಲಿ."

ಕಾಶೆಪ್ಪ ಸಮಾಧಾನದಿಂದ ಎದ್ದ. ಬೀಜಗಳನ್ನೆಲ್ಲ ಬಾಚಿ ಅಯ್ಯನವರ ಮುಂದೆ ಸುರಿದ.